ಮನೆ ಬಾಗಿಲಿಗೆ ಬರುವ ನರ್ಸಮ್ಮನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳವಳ್ಳಿ ಕಡೆ ಹದಿನಾಲ್ಕು ವರ್ಷ, ಎಚ್.ಡಿ. ಕೋಟೆ ಕಡೆ ಐದು ವರ್ಷ ಊರೂರು ಸುತ್ತಿದ್ದೇನೆ. ಜಗಲಿ ಮೇಲೆ, ಡೈರಿ ಮುಂದೆ, ಬಸ್ಸಿನಲ್ಲಿ, ಈಗೀಗ ವಾಟ್ಸಾಪಿನಲ್ಲಿ ಜನ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ಗಂಟಲು ಕಟ್ಟಿಸುವಂಥವು ಆಮೇಲೆ.

## ಯಾರು ಬರ್ತಾರೆ, ಯಾಕೆ ಬರ್ತಾರೆ

ಆಶಾ ಅಕ್ಕ ಬರ್ತಾರೆ, ನೀವೂ ಬರ್ತೀರಿ, ಇನ್ನೊಬ್ರು ಟ್ಯಾಬ್ ಹಿಡ್ಕೊಂಡು ಬರ್ತಾರೆ. ಯಾರ್ಯಾರು ಏನು ಮಾಡೋದು?

ಆಶಾ ನಿಮ್ಮ ಊರಿನವರೇ. ಸುಮಾರು ಸಾವಿರ ಜನಕ್ಕೆ ಒಬ್ಬರು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಕೆಮ್ಮು ನಿಂತಿಲ್ಲ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೆ. ಹಿಂದೆ ಎ.ಎನ್.ಎಂ. ಅನ್ನುತ್ತಿದ್ದ ನಮ್ಮನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತಾರೆ. ಹೆಸರು ಉದ್ದ ಆಯಿತು, ಓಡಾಟ ಅಷ್ಟೇ ಇದೆ. ಲಸಿಕೆ, ಗರ್ಭಿಣಿಯರ ತಪಾಸಣೆ, ಬಾಣಂತಿ ಆರೈಕೆ ನಮ್ಮದು. ಟ್ಯಾಬ್ ಹಿಡಿದು ಬರುವವರು ಸಮುದಾಯ ಆರೋಗ್ಯ ಅಧಿಕಾರಿ. ಹೆಚ್ಚಾಗಿ ನರ್ಸಿಂಗ್ ಓದಿದವರು. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವುದು, ಬೇಕಾದರೆ ಫೋನಿನಲ್ಲಿ ಡಾಕ್ಟರನ್ನು ತೋರಿಸುವುದು ಅವರ ಕೆಲಸ.

ಬಯಲು ಸೀಮೆಯಲ್ಲಿ 5,000 ಜನಕ್ಕೆ, ಕಾಡು ಗುಡ್ಡದ ಕಡೆ 3,000 ಜನಕ್ಕೆ ಒಂದು ಉಪಕೇಂದ್ರ ಅನ್ನುವುದು ಲೆಕ್ಕ. ಈಗ ಬೋರ್ಡಿನ ಮೇಲೆ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತಿರುತ್ತೆ. ಮೈಸೂರು, ಮಂಡ್ಯ ಪೇಟೆಯೊಳಗಾದರೆ 'ನಮ್ಮ ಕ್ಲಿನಿಕ್' ನೋಡಿ. ಇವರಲ್ಲಿ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಪಕ್ಕದ ಮನೆಗೆ ವಾರಕ್ಕೊಂದ್ಸಲ ಹೋಗ್ತೀರಿ, ನಮ್ಮ ಮನೆಗೆ ಮೂರು ತಿಂಗಳಾದ್ರೂ ಬರಲಿಲ್ಲ. ನಾವೇನು ಮನುಷ್ಯರಲ್ವಾ?

ಬೇಜಾರು ಮಾಡ್ಕೋಬೇಡಿ. ನನ್ನ ಡೈರಿಯಲ್ಲಿ ಕೆಲವು ಮನೆಗಳ ಮುಂದೆ ಕೆಂಪು ಚುಕ್ಕೆ ಇಟ್ಟಿರುತ್ತೇನೆ. ಒಂಟಿ ಮುದುಕರು, ಎದ್ದು ಓಡಾಡಲಾಗದವರು, ತೂಕ ಕಡಿಮೆ ಇರುವ ಕೂಸು, ಟಿಬಿ ಮಾತ್ರೆ ನುಂಗುತ್ತಿರುವವರು, ಗಂಡ ಕುಡಿದು ಹೊಡೆಯುವ ಮನೆ. ಅಲ್ಲಿಗೆ ಮೊದಲು.

ಇದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜಿ. 'ಅವ್ವ ಚೆನ್ನಾಗವ್ಳೆ, ಯಾವತ್ತೂ ಏನೂ ಕೇಳಕ್ಕಿಲ್ಲ' ಅಂತ ಬೀದಿಯವರೆಲ್ಲ ಹೇಳುತ್ತಿದ್ದರು. ನಾನೂ ಬಾಗಿಲಲ್ಲೇ ಮಾತಾಡಿಸಿ ಮುಂದೆ ಹೋಗುತ್ತಿದ್ದೆ. ಒಂದು ದಿನ ನೀರು ಕೇಳಿಕೊಂಡು ಒಳಗೆ ಹೋದೆ. ಗೂಡಿನಲ್ಲಿ ಶುಗರ್ ಮಾತ್ರೆಯ ಪಟ್ಟಿ. ತಿಂಗಳ ಮಾತ್ರೆ, ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು. ಬೇಗ ಮುಗಿದುಹೋಗದಿರಲಿ ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರಂತೆ. ಮಹಿಳೆಯರಿಗೆ ಬಸ್ಸು ಪುಕ್ಕಟೆ ಆಗಿರಬಹುದು, ಆದರೆ ಬಸ್ ಸ್ಟಾಪಿನವರೆಗೆ ನಡೆಯಬೇಕಲ್ಲ. ಕಾಲು ತೋರಿಸಿ ಅಂದೆ. ಕಿರುಬೆರಳು ಕಪ್ಪಾಗಿತ್ತು, ಅವರಿಗೆ ನೋವೇ ಗೊತ್ತಿರಲಿಲ್ಲ. ಅವತ್ತಿನಿಂದ 'ಏನೂ ಕೇಳಕ್ಕಿಲ್ಲ' ಅನ್ನುವ ಮನೆಗೆ ಮೊದಲು ಹೋಗುತ್ತೇನೆ. ನೀವು ಬೀದಿಯಲ್ಲಿ ನಿಲ್ಲಿಸಿ ಜೋರು ಮಾಡುತ್ತೀರಿ ಅಂದರೆ ನಿಮಗೆ ಶಕ್ತಿ ಇದೆ ಅಂತಲೇ ನನ್ನ ಲೆಕ್ಕ.

ಅಮ್ಮಂಗೆ ಸುಸ್ತು ಸಿಸ್ಟರೇ, ಮನೇಲೇ ಒಂದು ಗ್ಲೂಕೋಸ್ ಹಾಕ್ಬುಡಿ

ದಿನಕ್ಕೆ ಒಬ್ಬರಾದರೂ ಕೇಳುವ ಮಾತು ಇದು. ಅರ್ಧ ಲೀಟರಿನ ಆ ಬಾಟಲಿಯಲ್ಲಿ ಇರುವ ಸಕ್ಕರೆ 25 ಗ್ರಾಂ. ಐದಾರು ಟೀ ಚಮಚ, ಅಷ್ಟೇ. ಉಳಿದದ್ದು ನೀರು. ಬಾಯಲ್ಲಿ ಕುಡಿಯಬಲ್ಲವರಿಗೆ ಒಂದು ಲೋಟ ರಾಗಿ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಅದಕ್ಕಿಂತ ಜಾಸ್ತಿ ಕೊಡುತ್ತೆ. ಹೃದಯ, ಕಿಡ್ನಿ ಸೋತ ವಯಸ್ಸಾದವರಿಗೆ ಡ್ರಿಪ್ ಜೋರಾಗಿ ಓಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಡಾಕ್ಟರ್ ಬರೆದುಕೊಡದೆ ನಾನು ಹಾಕುವುದಿಲ್ಲ.

ಸುಸ್ತಿಗೆ ಕಾರಣ ಬೇರೆಯೇ ಇರುತ್ತೆ. ರಕ್ತ ಕಡಿಮೆ ಇರಬಹುದು, ಶುಗರ್ ಏರಿರಬಹುದು, ಉರಿಮೂತ್ರ ಇರಬಹುದು. ಎರಡು ದಿನದಿಂದ ಊಟವೇ ಮಾಡಿಲ್ಲದೆಯೂ ಇರಬಹುದು. ಮೊದಲು ಅದನ್ನು ನೋಡೋಣ.

## ಮನೆಯಲ್ಲೇ ನೋಡಿಕೊಳ್ಳುವಾಗ

ಮುದ್ದೆ ತಿಂದ್ರೆ ಶುಗರ್ ಏರಲ್ಲ ಅಲ್ವಾ? ಬೆಲ್ಲ ಆದ್ರೆ ಪರವಾಗಿಲ್ಲ ತಾನೇ?

ಮಂಡ್ಯದವರಿಗೆ ಈ ಎರಡರ ವಿಷಯ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ರಾಗಿಯಲ್ಲಿ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಒಳ್ಳೆಯದು. ಹಾಗಂತ ರಾಗಿಯಲ್ಲಿ ಪಿಷ್ಟ ಇಲ್ಲವೇ? ಬೇಕಾದಷ್ಟಿದೆ. ತೆಂಗಿನಕಾಯಿ ಗಾತ್ರದ ಮುದ್ದೆ ಮುರಿದು, ಮೇಲೆ ಎರಡು ಸೌಟು ಅನ್ನ ಹಾಕಿಸಿಕೊಂಡರೆ ಶುಗರ್ ಏರೇ ಏರುತ್ತೆ. ಮುದ್ದೆ ಚಿಕ್ಕದಾಗಲಿ, ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಇರಲಿ. ಅನ್ನ ಇಲ್ಲವೇ ಮುದ್ದೆ, ಎರಡರಲ್ಲಿ ಒಂದು.

ಬೆಲ್ಲ ಸಕ್ಕರೆಯ ಅಣ್ಣ. ಒಂದೇ ಕಬ್ಬಿನ ಹಾಲು.

ಇನ್ಸುಲಿನ್ ಇಡೋಕೆ ಫ್ರಿಡ್ಜ್ ಇಲ್ಲ

ತೆರೆಯದ ಬಾಟಲಿಗಳನ್ನು ಉಪಕೇಂದ್ರದಲ್ಲೋ ಫ್ರಿಡ್ಜ್ ಇರುವ ನೆಂಟರ ಮನೆಯಲ್ಲೋ ಇಡಿ. ಚುಚ್ಚಿಕೊಳ್ಳುತ್ತಿರುವ ಒಂದು ಬಾಟಲಿ ಮಾತ್ರ ಮನೆಯಲ್ಲಿರಲಿ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಕುಡಿಕೆಯೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್. ನೆರಳಿನಲ್ಲಿ, ಒಲೆಯಿಂದ ದೂರ. ತೆರೆದ ದಿನಾಂಕ ಬಾಟಲಿ ಮೇಲೆ ಬರೆಯಿರಿ. ಸಾಮಾನ್ಯವಾಗಿ 28 ದಿನ ಆದ ಮೇಲೆ ಉಳಿದಿದ್ದರೂ ಬೇಡ. ಫ್ರೀಜರಿನಲ್ಲಂತೂ ಇಡಲೇಬೇಡಿ, ಹೆಪ್ಪುಗಟ್ಟಿದ್ದು ಕೆಟ್ಟಿತು ಅಂತಲೇ ಲೆಕ್ಕ.

ಲಕ್ವ ಹೊಡೆದು ಅಪ್ಪ ಮಲಗಿಬಿಟ್ಟಿದ್ದಾರೆ. ಬೆನ್ನಲ್ಲಿ ಹುಣ್ಣಾಗದ ಹಾಗೆ ಏನ್ ಮಾಡೋದು?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪುಸ್ತಕದಲ್ಲಿ ಇಷ್ಟೇ ಇರುವುದು. ಆದರೆ ಹಸು ಕಟ್ಟಿಕೊಂಡ ಮನೆಯಲ್ಲಿ ಗಡಿಯಾರ ನೋಡಿಕೊಂಡು ಕೂರುವವರು ಯಾರು? ಅದಕ್ಕೆ ನಾನು ಮನೆಯ ಕೆಲಸಕ್ಕೇ ಗಂಟು ಹಾಕಿ ಹೇಳುತ್ತೇನೆ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಎಡಕ್ಕೆ. ತಿಂಡಿ ಆದ ಮೇಲೆ ಅಂಗಾತ. ಬಟ್ಟೆ ಒಗೆದು ಬಂದ ಮೇಲೆ ಬಲಕ್ಕೆ. ಹೀಗೆ ರಾತ್ರಿ ಸೀರಿಯಲ್ ಮುಗಿಯುವವರೆಗೆ.

ದಿನಕ್ಕೊಂದು ಸಲ ಬೆಳಕಿನಲ್ಲಿ ಐದು ಜಾಗ ನೋಡಿ: ಬೆನ್ನಿನ ಬುಡ, ಎರಡೂ ಸೊಂಟದ ಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಕೆಂಪಗಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಹೊತ್ತಿದೆ. ಒತ್ತಿದರೂ ಕೆಂಪಗೇ ಇದ್ದರೆ ಹುಣ್ಣು ಶುರು ಆಗಿದೆ. ನಮ್ಮಲ್ಲಿ ಬಹಳ ಜನರ ಮೈ ಕಪ್ಪು, ಕೆಂಪು ಕಾಣುವುದೇ ಇಲ್ಲ. ಆಗ ಅಂಗೈಯಲ್ಲಿ ಮುಟ್ಟಿ ನೋಡಿ. ಸುತ್ತಲಿನದಕ್ಕಿಂತ ಬಿಸಿ, ಗಟ್ಟಿ ಅನ್ನಿಸಿದರೆ ಅದೇ ಗುರುತು.

ಹಳೇ ಹತ್ತಿ ಸೀರೆ ಮಡಿಸಿ ಮೀನಖಂಡದ ಕೆಳಗೆ ಇಡಿ, ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುವಂತಿರಲಿ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವುದು ಬೇಡ. ನಡುವಿನ ಜಾಗಕ್ಕೆ ರಕ್ತ ಹೋಗುವುದು ಇನ್ನೂ ಕಡಿಮೆ ಆಗುತ್ತೆ. ಎಳೆದು ಸರಿಸಬೇಡಿ, ಸೀರೆ ಹಾಕಿ ಇಬ್ಬರು ಎತ್ತಿ.

ಹುಣ್ಣು ಆಗಿಯೇ ಹೋಗಿದ್ದರೆ ಸ್ಪಿರಿಟ್, ಅರಿಶಿನ, ಪೌಡರ್ ಯಾವುದೂ ಬೇಡ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಅದರಲ್ಲಿ ತೊಳೆದು, ಶುದ್ಧ ಗಾಜ್ ಮುಚ್ಚಿ, ನಮಗೆ ಫೋನ್ ಮಾಡಿ. ವಾಸನೆ ಬಂದರೆ, ಜ್ವರ ಬಂದರೆ, ಮೂಳೆ ಕಂಡರೆ ಅದೇ ದಿನ ಆಸ್ಪತ್ರೆ.

ಗಂಜಿ ಕುಡಿಸಿದ್ರೆ ಕೆಮ್ಮು ಬರುತ್ತೆ, ಮಾತೂ ನಿಂತಿದೆ. ಪಾರಿವಾಳದ ರಕ್ತ ಹಚ್ಚಿ ಅಂತಾರೆ

ಪಾರಿವಾಳವನ್ನು ಪಾಪ ಬಿಟ್ಟುಬಿಡಿ. ಲಕ್ವ ಮೆದುಳಿನ ಕಾಯಿಲೆ, ಕೈಕಾಲಿಗೆ ರಕ್ತ ಹಚ್ಚಿದರೆ ಮೆದುಳಿಗೆ ಹೋಗಲ್ಲ. ಮುಂದೆ ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಆ ಗಳಿಗೆಯೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದ ಹೊತ್ತು ನಾಲ್ಕೂವರೆ ಗಂಟೆ ಮಾತ್ರ. ಊರಲ್ಲಿ ನಾಟಿ ಔಷಧಿ ಹುಡುಕುವಷ್ಟರಲ್ಲಿ ಅದು ಮುಗಿದಿರುತ್ತೆ.

ಕೆಮ್ಮು ಬರುತ್ತಿದೆ ಅಂದರೆ ಗಂಜಿ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಮಲಗಿಸಿ ಕುಡಿಸಲೇಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆ ಕಡೆಗೆ ಬಾಗಿಸಿ, ಗಟ್ಟಿ ಗಂಜಿಯನ್ನು ಚಿಕ್ಕ ಚಮಚದಲ್ಲಿ ಕೊಡಿ. ಆಮೇಲೂ ಅರ್ಧ ಗಂಟೆ ಕೂತಿರಲಿ. ಆದರೂ ಕೆಮ್ಮಿದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ನುಂಗುವುದಕ್ಕೂ ಮಾತಿಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆ ಇದೆ. ಅದು ಕಿವುಡು ಮಕ್ಕಳಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ.

ಬಾಣಂತಿಗೆ ನೀರು ಜಾಸ್ತಿ ಕೊಟ್ರೆ ಹೊಟ್ಟೆ ದಪ್ಪ ಆಗುತ್ತಂತೆ, ನಿಜಾನಾ?

ಇಲ್ಲ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ನೀರು ಕೊಡದಿದ್ದರೆ ಮಲಬದ್ಧತೆ, ಉರಿಮೂತ್ರ. ಎಣ್ಣೆ ನೀರು ಹಾಕುವುದಕ್ಕೆ, ಕಿವಿಗೆ ಹತ್ತಿ ಇಡುವುದಕ್ಕೆ ನನ್ನ ತಕರಾರಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಗೆ ಮಾತ್ರ ತಕರಾರಿದೆ. ಆ ಗಾಳಿಗೆ ವಾಸನೆ ಇಲ್ಲ, ಉಸಿರು ಕಟ್ಟಿಸುತ್ತೆ.

ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಆಶಾ 3, 7, 14, 21, 28, 42ನೇ ದಿನ ಬಂದು ಕೂಸನ್ನು ತೂಗಿ ನೋಡುತ್ತಾರೆ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ತಾಯಿಯ ಎದೆಗೆ, ಮೈಗೆ ಮೈ ತಾಗಿಸಿ ಕಟ್ಟಿಕೊಳ್ಳಿ. ಅಜ್ಜಿ, ಅಪ್ಪ ಕೂಡ ಕಟ್ಟಿಕೊಳ್ಳಬಹುದು. ಕೂಸು ಹಾಲು ಕುಡಿಯದಿದ್ದರೆ, ಪಾದ ತಣ್ಣಗಿದ್ದರೆ, ಅಂಗಾಲು ಹಳದಿಯಾಗಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಕಾಯಬೇಡಿ. ತಾಯಿಗೆ ಗಂಟೆಗೊಂದು ಪ್ಯಾಡ್ ತೊಯ್ದರೂ ಅಷ್ಟೇ.

## ಆಲೆಮನೆ, ಕಬ್ಬಿನ ಗದ್ದೆ, ಹಾಡಿ

ನಾವು ಬಳ್ಳಾರಿ ಕಡೆಯೋರು, ಕಬ್ಬು ಕಡಿಯೋಕೆ ಬಂದೀವಿ. ಇಲ್ಲಿನ ಕಾರ್ಡ್ ಇಲ್ಲ. ಮಗೂಗೆ ಸೂಜಿ ಹಾಕ್ತೀರಾ?

ಹಾಕುತ್ತೇವೆ. ಮಗು ಎಲ್ಲಿದೆಯೋ ಅಲ್ಲೇ ಲಸಿಕೆ. ವಿಳಾಸ ಬೇಡ, ರೇಷನ್ ಕಾರ್ಡ್ ಬೇಡ. ಊರಿಂದ ತಂದ ತಾಯಿ ಕಾರ್ಡ್ ಇದ್ದರೆ ತೋರಿಸಿ. ಕಳೆದಿದ್ದರೆ ಹೊಸದು ಬರೆದುಕೊಡೋಣ. ಬಸುರಿ ಇದ್ದರೆ ಕಬ್ಬಿಣದ ಮಾತ್ರೆಯೂ ಅಷ್ಟೇ, 180 ದಿನ, ದಿನಕ್ಕೊಂದು, ಹೆರಿಗೆ ಆದ ಮೇಲೂ ಅಷ್ಟೇ ದಿನ. ಕಾಫಿ, ಟೀ ಜೊತೆ ನುಂಗಬೇಡಿ.

ತೊಂದರೆ ನಮ್ಮ ಕಡೆಯದೇ. ಉಪಕೇಂದ್ರ ತೆರೆದಿರುವ ಹೊತ್ತಿಗೆ ಇವರು ಗದ್ದೆಯಲ್ಲಿರುತ್ತಾರೆ. ಕತ್ತಲು ಇರುವಾಗಲೇ ಹೋದವರು ಕತ್ತಲಾದ ಮೇಲೆ ಗುಡಿಸಲಿಗೆ ಬರುತ್ತಾರೆ. ನಾನು ನಾಲ್ಕು ವರ್ಷ ಹಗಲು ಹೊತ್ತು ಖಾಲಿ ಗುಡಿಸಲಿಗೆ ಹೋಗಿ 'ಮನೆಯಲ್ಲಿ ಯಾರೂ ಇಲ್ಲ' ಅಂತ ಬರೆದುಕೊಂಡು ಬಂದಿದ್ದೇನೆ. ನಾಚಿಕೆ ಆಗುತ್ತೆ. ಆಮೇಲೆ ಸಂಜೆ ಆರೂವರೆಗೆ, ಒಲೆ ಹಚ್ಚುವ ಹೊತ್ತಿಗೆ ಹೋಗಲು ಶುರು ಮಾಡಿದೆ. ಮೊದಲ ಸಂಜೆಯೇ ಒಂಬತ್ತು ಮಕ್ಕಳು ಸಿಕ್ಕರು, ಒಂದಕ್ಕೂ ದಡಾರದ ಸೂಜಿ ಆಗಿರಲಿಲ್ಲ.

ಗುಡಿಸಲಿನ ಮಕ್ಕಳಿಗೆ ಭೇದಿ ಶುರುವಾದರೆ ಒಂದು ಲೀಟರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಕಲಸಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಜಿಂಕ್ ಮಾತ್ರೆ 14 ದಿನ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬೇಡಿ.

ಹಾಡಿಯಲ್ಲಿ ಎಲ್ಲರ ಬೆರಳು ಚುಚ್ಚಿ ರಕ್ತ ತಗೊಂಡ್ರಲ್ಲ, ಯಾಕೆ?

ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ನೋಡುವುದಕ್ಕೆ. ಆದಿವಾಸಿ ಸಮುದಾಯಗಳಲ್ಲಿ ಇದು ಹೆಚ್ಚು. 2023ರ ಜುಲೈನಲ್ಲಿ ದೇಶದ ಮಟ್ಟದಲ್ಲಿ ಇದಕ್ಕೊಂದು ಅಭಿಯಾನ ಶುರುವಾಯಿತು. ಎಚ್.ಡಿ. ಕೋಟೆ, ಹುಣಸೂರು ಕಡೆಯ ಜೇನುಕುರುಬರ ಹಾಡಿಗಳಿಗೂ ಅದಕ್ಕೇ ಬರುವುದು. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ಅವರು ಬರೀ ವಾಹಕರು, ಗಟ್ಟಿಮುಟ್ಟಾಗಿಯೇ ಇರುತ್ತಾರೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗು ಹುಟ್ಟುವ ಸಂಭವ. ಅದಕ್ಕೇ ಕಾರ್ಡನ್ನು ಜೋಪಾನ ಮಾಡಿ.

ಕಾಯಿಲೆ ಇರುವವರಿಗೆ ಚಳಿ, ಬಾಯಾರಿಕೆ, ಜ್ವರ ಬಂದಾಗ ಮೂಳೆ ಮುರಿದಂಥ ನೋವು ಏಳುತ್ತೆ. ನೀರು ಕುಡಿಸಿ, ಬೆಚ್ಚಗಿಡಿ, ಆಸ್ಪತ್ರೆಗೆ ಹೊರಡಿ. ಸಂಜೆ ಆನೆ ದಾರಿಗೆ ಬರುವ ಹಾಡಿಗಳಲ್ಲಿ ಹೊರಡುವ ನಿರ್ಧಾರ ಮಧ್ಯಾಹ್ನವೇ ಆಗಬೇಕು, ಇದನ್ನು ನಾನು ಹಾಡಿಯವರಿಂದಲೇ ಕಲಿತೆ.

ಎರಡು ತಿಂಗಳು ಟಿಬಿ ಮಾತ್ರೆ ನುಂಗಿದೆ, ಕೆಮ್ಮು ಹೋಯ್ತು. ಸಾಕಲ್ವಾ?

ಸಾಲದು. ಕೆಮ್ಮು ಹೋಗಿದೆ, ಕ್ರಿಮಿ ಹೋಗಿಲ್ಲ. ಸಾಮಾನ್ಯವಾಗಿ ಆರು ತಿಂಗಳು. ಮಧ್ಯೆ ಬಿಟ್ಟರೆ ಉಳಿದ ಕ್ರಿಮಿ ಮಾತ್ರೆಗೇ ಬಗ್ಗದ ಹಾಗಾಗುತ್ತೆ. ಮೂತ್ರ ಕಿತ್ತಳೆ ಬಣ್ಣ ಆದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ ಮಾತ್ರ ತಕ್ಷಣ ಹೇಳಿ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ. ಬ್ಯಾಂಕ್ ಖಾತೆ ಇಲ್ಲದಿದ್ದರೆ ನಾವೇ ಜೊತೆಗೆ ಬರುತ್ತೇವೆ. ತಟ್ಟೆ ಲೋಟ ಬೇರೆ ಇಡುವುದು ಬೇಡ, ಟಿಬಿ ಹರಡುವುದು ಗಾಳಿಯಲ್ಲಿ. ಬಾಯಿಗೆ ಬಟ್ಟೆ ಇರಲಿ, ಕಿಟಕಿ ತೆರೆದಿರಲಿ.

ಅರಮನೆಯನ್ನೂ ಬಿಡದ ಕಾಯಿಲೆ ಇದು. ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂನ ಹೆಸರಿನಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ತೀರಿಕೊಂಡದ್ದು ಟಿಬಿಯಿಂದಲೇ. ಆಗ ಮಾತ್ರೆ ಇರಲಿಲ್ಲ, ಈಗ ಪುಕ್ಕಟೆ ಇದೆ.

## ಮೆಲ್ಲಗೆ, ಬಾಗಿಲು ಮುಚ್ಚಿ ಕೇಳುವ ಪ್ರಶ್ನೆಗಳು

ಎರಡೂ ಹೆಣ್ಣೇ. ಮೂರನೇದು ಏನೂಂತ ಎಲ್ಲಿ ನೋಡಿಸಬಹುದು, ನಿಮಗೆ ಗೊತ್ತಿರುತ್ತಲ್ಲ?

ಗೊತ್ತಿದ್ದರೆ ಪೊಲೀಸರಿಗೆ ಹೇಳುತ್ತೇನೆ, ನಿಮಗಲ್ಲ. 1994ರ ಕಾಯ್ದೆಯಲ್ಲಿ ನೋಡಿಸುವ ಗಂಡ, ಅತ್ತೆಗೂ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ. 2023ರ ಕೊನೆಯಲ್ಲಿ ಮಂಡ್ಯದ ಪಕ್ಕದಲ್ಲೇ ಆಲೆಮನೆಯೊಳಗೆ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾಯಿತಲ್ಲ, ಬೆಲ್ಲ ಬೇಯಿಸುವ ಜಾಗದಲ್ಲಿ. ಜಿಲ್ಲೆಯವಳು ಅಂತ ಹೇಳಿಕೊಳ್ಳಲು ತಲೆ ತಗ್ಗಿಸಬೇಕಾಯಿತು.

ಈ ಪ್ರಶ್ನೆ ಕೇಳುವ ಸೊಸೆ ಹೆಚ್ಚಾಗಿ ಹೆದರಿಕೊಂಡೇ ಕೇಳುತ್ತಾಳೆ. ಹಿಂದೆ ಅತ್ತೆ ನಿಂತಿರುತ್ತಾರೆ. ಅವರನ್ನು ಯಾವುದೋ ನೆಪದಲ್ಲಿ ಆಚೆ ಕಳಿಸಿ ನಾನು ಹೇಳುವುದು ಇಷ್ಟು: ಹೆಣ್ಣೋ ಗಂಡೋ ತೀರ್ಮಾನ ಆಗುವುದು ಗಂಡಸಿನ ಬೀಜದಿಂದ, ನಿನ್ನಿಂದಲ್ಲ ಕಣವ್ವ. ಬಲವಂತ ಮಾಡಿದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು.

ಮಗ ಸಾಲದ ಯೋಚನೇಲಿ ಮಂಕಾಗವ್ನೆ. ದೇವಸ್ಥಾನಕ್ಕೆ ಹೋಗಿ ತಾಯಿತ ಕಟ್ಟಿಸ್ಕೊಂಡು ಬಂದ್ವಿ

ತಾಯಿತ ಇರಲಿ ಬಿಡಿ, ಡಾಕ್ಟರಿಗೂ ತೋರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋರೋಗದ ತಪಾಸಣೆ ಇರುತ್ತೆ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಹತ್ತಿರವೂ ಮಾತಿಲ್ಲ ಅಂತ ಎರಡು ವಾರ ದಾಟಿದರೆ ಕಾಯಬೇಡಿ. 'ಸಾಯಬೇಕು ಅನ್ನಿಸುತ್ತಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತೆ ಅನ್ನುವುದು ತಪ್ಪು, ಎಷ್ಟೋ ಜನ ಅತ್ತು ಹಗುರಾಗುತ್ತಾರೆ. ಗದ್ದೆಗೆ ಹೊಡೆಯುವ ಔಷಧಿ ಅವತ್ತೇ ಮನೆಯಿಂದ ಆಚೆ ಹೋಗಲಿ, ಬೇರೆಯವರ ಬೀಗದಲ್ಲಿರಲಿ. ಒಬ್ಬನನ್ನೇ ಬಿಡಬೇಡಿ. ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೇನೂ ಮಾಡೋ ಹಾಗಿಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು ಡಾಕ್ಟ್ರು. ಇನ್ನು ನೀವು ಬಂದು ಏನ್ ಮಾಡ್ತೀರಿ?

ಬಹಳ ಇದೆ ಮಾಡುವುದು. ನೋವು ಕಡಿಮೆ ಮಾಡಬಹುದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತೆ. ಚಟ ಹಿಡಿಯುತ್ತೆ ಅಂತ ಹೆದರಿ ಮಾತ್ರೆಯನ್ನು ಬಚ್ಚಿಟ್ಟ ಮಗನನ್ನು ನೋಡಿದ್ದೇನೆ. ಅವರ ಅಪ್ಪ ರಾತ್ರಿಯಿಡೀ ಕೂಗುತ್ತಿದ್ದರು. ಡಾಕ್ಟರ್ ಹೇಳಿದ ಲೆಕ್ಕದಲ್ಲಿ, ಹೊತ್ತು ಹೊತ್ತಿಗೆ, ನೋವು ಬರುವ ಮೊದಲೇ ಕೊಡಬೇಕು. ಮಲ ಕಟ್ಟುತ್ತೆ, ಅದಕ್ಕೂ ಮಾತ್ರೆ ಜೊತೆಯಲ್ಲೇ ಬೇಕು.

ಬಾಯಿ ನೋಡಿ. ಕೊನೆಯ ದಿನಗಳಲ್ಲಿ ಎಲ್ಲರೂ ಮರೆಯುವುದು ಬಾಯಿಯನ್ನೇ. ನಾಲಿಗೆ ಒಣಗಿ ಬಿರುಕು ಬಿಟ್ಟಿರುತ್ತೆ. ಮೆತ್ತನೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಬೆರಳಿಗೆ ಸುತ್ತಿ ಒರೆಸಿ, ತುಟಿಗೆ ಚೂರು ತುಪ್ಪ ಸವರಿ.

ಉಸಿರು ಗೊರಗೊರ ಅಂದಾಗ ನೆಂಟರೆಲ್ಲ ಸಾಲಾಗಿ ನಿಂತು ಚಮಚದಲ್ಲಿ ಹಾಲು ಬಿಡುತ್ತಾರೆ. ಶಾಸ್ತ್ರ ಬೇಡ ಅನ್ನಲು ನಾನು ಯಾರು? ಆದರೆ ನುಂಗಲಾರದವರಿಗೆ ಆ ಹಾಲು ಎದೆಗಿಳಿದು ಉಸಿರು ಕಟ್ಟುತ್ತೆ. ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿ. ಪಕ್ಕಕ್ಕೆ ವಾಲಿಸಿ ಮಲಗಿಸಿ, ಗೊರಗೊರ ಕಡಿಮೆ ಆಗುತ್ತೆ. ಕಿವಿ ಕೇಳಿಸುತ್ತಿರಬಹುದು, ಆಸ್ತಿ ಮಾತು ಹಜಾರದಲ್ಲಿ ಆಡಿಕೊಳ್ಳಿ.

ಅತ್ತೆ ಮಲಗಿ ಎರಡು ವರ್ಷ. ನಂಗೂ ಸಾಕಾಗಿದೆ ಅಂದ್ರೆ ಪಾಪ ಬರುತ್ತಾ?

ಬರಲ್ಲ. ಎರಡು ವರ್ಷ ಹೇಸಿಗೆ ಎತ್ತಿದವಳಿಗೆ ಸಾಕಾಗದಿದ್ದರೆ ಆಶ್ಚರ್ಯ. ಗಂಡನ ಅಣ್ಣ ತಮ್ಮಂದಿರು, ನಾದಿನಿಯರು ವಾರಕ್ಕೊಂದು ದಿನ ಬರಲಿ. ಈ ಮಾತನ್ನು ನೀವು ಹೇಳಿದರೆ ಜಗಳ ಆಗುತ್ತೆ, ನಾನು ಹೇಳಿದರೆ 'ನರ್ಸಮ್ಮ ಹೇಳವ್ರೆ' ಅಂತ ನಡೆಯುತ್ತೆ. ಹಾಗಾಗಿ ನನ್ನ ಹೆಸರು ಬಳಸಿಕೊಳ್ಳಿ. ನಾನು ಬಂದಾಗ ಅತ್ತೆಯ ಬಿಪಿ ನೋಡಿದ ಮೇಲೆ ನಿಮ್ಮದನ್ನೂ ನೋಡುತ್ತೇನೆ, ಕೈ ಚಾಚಿ.

ಬಂದಾಗ ಒಂದ್ ಲೋಟ ಕಾಫಿನಾದ್ರೂ ಕುಡೀರಿ. ಯಾಕೆ ಯಾವಾಗ್ಲೂ ಬೇಡ ಅಂತೀರಿ?

ದಿನಕ್ಕೆ ಹದಿನೈದು ಮನೆ. ಹದಿನೈದು ಲೋಟ ಕಾಫಿ ಕುಡಿದರೆ ಊರಲ್ಲಿ ನಾನು ಶೌಚಾಲಯ ಎಲ್ಲಿ ಹುಡುಕಲಿ? ಈ ಕೆಲಸದಲ್ಲಿರುವ ಹೆಂಗಸರು ನೀರೂ ಲೆಕ್ಕ ಹಾಕಿ ಕುಡಿಯುತ್ತೇವೆ. ನಿಮಗೆ ನೀರು ಕುಡಿಯಿರಿ ಅಂತ ಹೇಳಿ ನಾವೇ ಉರಿಮೂತ್ರ ಮಾಡಿಕೊಳ್ಳುತ್ತೇವೆ, ನಗಬೇಡಿ.

ಆದರೆ ದಲಿತರ ಕೇರಿಯಲ್ಲಿ ಬೇಡ ಅನ್ನುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರ ಮನೆಯಲ್ಲಿ ಇದೇ ಕಾರಣಕ್ಕೆ ಬೇಡ ಅಂದಿದ್ದೆ. ಮುಂದಿನ ವಾರ ಆ ಮನೆಯವರು ಮಗುವಿಗೆ ಲಸಿಕೆ ಹಾಕಿಸಲು ಬರಲಿಲ್ಲ. ಯಾಕೆ ಅಂತ ನನಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಈಗ ಅಲ್ಲಿ ಮೊದಲು ಲೋಟಕ್ಕೆ ಕೈ ಚಾಚುತ್ತೇನೆ, ಆಮೇಲೆ ಬ್ಯಾಗ್ ತೆರೆಯುತ್ತೇನೆ. ಸಕ್ಕರೆ ಮಾತ್ರ ಸ್ವಲ್ಪ ಕಡಿಮೆ ಹಾಕಿ.